ಕೊರಡು ಕಟ್ಟಿದ ಗಾಡಿ

ನನ್ನ ಸ್ಕೂಟರಿನ ಮೆಕ್ಯಾನಿಕ್ ಹೋದ ತಿಂಗಳು ತೀರಿಕೊಂಡರು. ಟಿ. ನರಸೀಪುರದಲ್ಲಿ ಬಸ್‌ಸ್ಟ್ಯಾಂಡಿನಿಂದ ಹೊಳೆಯ ಕಡೆಗೆ ಇಳಿಯುವ ರಸ್ತೆಯಲ್ಲಿ, ಒಂದು ಹೊಂಗೆಮರದ ಕೆಳಗೆ ಅವರ ಶೆಡ್ಡು. ಒಬ್ಬ ಮೆಕ್ಯಾನಿಕ್ ಹೋಗಿದ್ದಕ್ಕೆ ಇಷ್ಟು ಅಳುವುದೇನಿದೆ ಎಂದು ನಮ್ಮ ಮನೆಯಲ್ಲಿ ಕೇಳಿದರು. ಕೇಳಿದವರು ಸ್ಕೂಟರ್ ಓಡಿಸುವವರಲ್ಲ. ನಂಜನಗೂಡಿನ ಮನೆಯಿಂದ ನರಸೀಪುರದ ಆಚೆಯ ಹೈಸ್ಕೂಲಿಗೆ ದಿನಾ ಹೋಗಿಬರುವ ಹೆಂಗಸಿಗೆ ಗಂಡ, ಹೆಡ್‌ಮಾಸ್ಟರು ಇವರಿಬ್ಬರಿಗಿಂತ ಹೆಚ್ಚಾಗಿ ಬೇಕಾದವನು ಒಬ್ಬ ಒಳ್ಳೆ ಮೆಕ್ಯಾನಿಕ್. ನಾನು ಗಣಿತದ ಮೇಡಂ, ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಅವರ ಹೆಂಡತಿ ಇನ್ನೂ ಅದೇ ಊರಿನಲ್ಲಿ ಬದುಕಬೇಕು.

ಸತ್ತವರನ್ನು ದೇವರು ಮಾಡುವ ಅಭ್ಯಾಸ ನನಗಿಲ್ಲ. ಮನುಷ್ಯ ಬಾಯಿಬಡುಕ. ಗಿಡ್ಡ ಆಳು, ದೊಡ್ಡ ಗಂಟಲು. ನರಸೀಪುರ ತಾಲ್ಲೂಕಿನಲ್ಲಿ ತನ್ನನ್ನು ಬಿಟ್ಟರೆ ಇನ್ನೊಬ್ಬ ಮೆಕ್ಯಾನಿಕ್ ಇಲ್ಲ, ಉಳಿದವರೆಲ್ಲ ಸ್ಪ್ಯಾನರ್ ಹಿಡಿದ ಬಡಗಿಗಳು ಎಂದು ಕೂಗಿ ಹೇಳುತ್ತಿದ್ದರು. ಪಕ್ಕದ ಶೆಡ್ಡಿನವನಿಗೆ ಕೇಳಲಿ ಎಂದೇ ಕೂಗುತ್ತಿದ್ದುದು. ಒಮ್ಮೆ ನನ್ನ ಗಾಡಿಯಲ್ಲಿ ಟಕಟಕ ಎಂಬ ಸದ್ದು ಬರುತ್ತಿತ್ತು. ಇಂಜಿನ್ ಬೇರಿಂಗ್ ಹೋಗಿದೆ ಎಂದು ಪಟ್ಟು ಹಿಡಿದು ಅರ್ಧ ದಿನ ಇಡೀ ಇಂಜಿನ್ ಬಿಚ್ಚಿದರು. ಕೊನೆಗೆ ನೋಡಿದರೆ ಸೀಟಿನ ಕೆಳಗಿನ ನನ್ನ ಟಿಫಿನ್ ಬಾಕ್ಸಿನೊಳಗೆ ಚಮಚ ಕುಣಿಯುತ್ತಿತ್ತು. ಅವರಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ಚಮಚ ಎತ್ತಿ ಹಿಡಿದು ಒಳ್ಳೆ ಸ್ಟೀಲು, ಎಲ್ಲಿ ತಗೊಂಡ್ರಿ ಎಂದು ಕೇಳಿದರು.

ನಂಜನಗೂಡಿನವರನ್ನು ಕಂಡರೆ ಅವರಿಗೆ ಒಂದು ಸುಮ್ಮನಿರಲಾರದ ತುರಿಕೆ. ಕಪಿಲೆ ನಮ್ಮೂರನ್ನು ದಾಟಿಕೊಂಡೇ ಅವರ ಊರಿಗೆ ಹೋಗಿ ಕಾವೇರಿಯನ್ನು ಸೇರುತ್ತಾಳಲ್ಲ, ಅದನ್ನು ಹಿಡಿದುಕೊಂಡು ನಿಮ್ಮೂರೋರು ಮಿಂದ ನೀರೇ ನಮ್ಮೂರೋರಿಗೆ ತೀರ್ಥ ಎಂದು ಛೇಡಿಸುತ್ತಿದ್ದರು. ಹಾಗಾದರೆ ನಮ್ಮ ಪಾಪವೆಲ್ಲ ಕುಡಿದು ನೀವು ಹೀಗಾಗಿದ್ದೀರಿ ಎಂದು ನಾನೂ ಬಿಡುತ್ತಿರಲಿಲ್ಲ. ಬಾಯಿಗೆ ಬಾಯಿ ಕೊಡುವವರು ಸಿಕ್ಕರೆ ಅವರಿಗೆ ಕೆಲಸ ಚುರುಕಾಗುತ್ತಿತ್ತು.

ಅವರ ಕೆಲಸದ ರೀತಿಯೇ ಬೇರೆ. ಗಾಡಿಗೆ ಏನಾಗಿದೆ ಎಂದು ಬಂದವರನ್ನು ಕೇಳುತ್ತಲೇ ಇರಲಿಲ್ಲ. ನಾವು ಹೇಳಲು ಹೋದರೆ ಕೈ ಅಡ್ಡ ಹಿಡಿಯುತ್ತಿದ್ದರು. ನೀವು ಓಡಿಸಿ ಎಂದು ಹೇಳಿ ತಾವು ಹಿಂದಿನ ಸೀಟಿನಲ್ಲಿ ಕೂತು, ಒಂದು ಅಂಗೈಯನ್ನು ಸೀಟಿನ ಕೆಳಗೆ ಒತ್ತಿಕೊಂಡು, ಕಣ್ಣು ಮುಚ್ಚುತ್ತಿದ್ದರು. ಸೋಸಲೆ ದಾರಿಯಲ್ಲಿ ಒಂದಿಷ್ಟು ದೂರ ಹೋಗಿ ತಿರುಗಿ ಬರುವಷ್ಟರಲ್ಲಿ ಅವರ ತೀರ್ಪು ಸಿದ್ಧ. ಮೊದಲ ಸಲ ಪರಗಂಡಸನ್ನು ಹಿಂದೆ ಕೂರಿಸಿಕೊಂಡು ಪೇಟೆಯಲ್ಲಿ ಹೋಗುವುದಕ್ಕೆ ನನಗೆ ಮುಜುಗರವಾಗಿತ್ತು. ಅದು ಅವರಿಗೆ ತಿಳಿಯಿತು.

"ನಾನು ಕೂತಿರೋದು ನಿಮ್ಮಿಂದೆ ಅಲ್ಲ ಕಣ್ ಮೇಡಂ, ಇಂಜನ್ ಮ್ಯಾಲೆ" ಎಂದರು.

ಎಷ್ಟೋ ಸಲ ತೀರ್ಪು ಗಾಡಿಯ ಮೇಲೆ ಬರುತ್ತಿರಲಿಲ್ಲ, ಓಡಿಸುವವರ ಮೇಲೆ ಬರುತ್ತಿತ್ತು. ಇಂಜಿನ್ನಿಗೆ ಏನೂ ಆಗಿಲ್ಲ, ನಿಮ್ಮ ಕೈಗೆ ಸಿಟ್ಟು ಬಂದಿದೆ, ಇವತ್ತು ಯಾರ ಹತ್ತಿರ ಜಗಳ ಆಡಿದಿರಿ ಎಂದು ಕೇಳುತ್ತಿದ್ದರು. ಆ ದಿನ ನಾನು ಯಾರ ಹತ್ತಿರವಾದರೂ ಜಗಳ ಆಡಿಯೇ ಇರುತ್ತಿದ್ದೆ.

ಇಷ್ಟೆಲ್ಲ ಗಾಡಿಗಳ ಯಜಮಾನ ಸ್ವತಃ ಸೈಕಲ್ಲಿನಲ್ಲಿ ಓಡಾಡುತ್ತಿದ್ದರು. ಅವರಿಗೆ ಸ್ಪೀಡ್ ಎಂದರೆ ಜೀವಭಯ. ಯಾರೋ ಹುಡುಗರು ರಸ್ತೆಯಲ್ಲಿ ಭರ್ರೆಂದು ಹೋದರೆ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಆ ಸದ್ದು ಪೂರಾ ದೂರವಾಗುವವರೆಗೆ ಕೇಳಿಸಿಕೊಂಡು, ಆಮೇಲೆ ಕೆಲಸ ಮುಂದುವರಿಸುತ್ತಿದ್ದರು. ಯಾಕಿಷ್ಟು ಹೆದರುತ್ತೀರಿ ಎಂದು ನಾನು ನಕ್ಕಿದ್ದಕ್ಕೆ ಶೆಡ್ಡಿನ ಹಿಂಬದಿ ತೋರಿಸಿದರು. ಅಲ್ಲಿ ಆಕ್ಸಿಡೆಂಟ್ ಆದ ಗಾಡಿಗಳು ಒಂದರ ಮೇಲೊಂದು ಬಿದ್ದಿದ್ದವು.

"ಮುರಿದ ಗಾಡಿ ಎಲ್ಲ ನನ್ನತ್ರಾನೇ ಬತ್ತದೆ ಮೇಡಂ. ಓನರ್‌ಗಳು ಬರಕ್ಕಿಲ್ಲ."

ಈ ಭಯದಿಂದಲೇ ಅವರು ಒಂದು ಕಸುಬು ಕಂಡುಕೊಂಡಿದ್ದರು. ಅದಕ್ಕೆ ಅವರಿಟ್ಟ ಹೆಸರು ಕೊರಡು ಕಟ್ಟೋದು. ನಮ್ಮ ಕಡೆ ಹೊಲಕ್ಕೆ ನುಗ್ಗುವ ತುಡುಗು ದನದ ಕೊರಳಿಗೆ ಒಂದು ಮರದ ತುಂಡು ತೂಗುಬಿಡುತ್ತಾರೆ. ನಡೆದರೆ ಅದು ಏನೂ ಮಾಡುವುದಿಲ್ಲ, ಓಡಿದರೆ ಮುಂಗಾಲಿಗೆ ಬಡಿಯುತ್ತದೆ. ಇವರು ಅದನ್ನೇ ಗಾಡಿಗೆ ಮಾಡುತ್ತಿದ್ದರು. ಕಾರ್ಬುರೇಟರಿನಲ್ಲಿ ಜೆಟ್ ಎಂಬ ಹಿತ್ತಾಳೆಯ ಪುಟ್ಟ ತಿರುಪು ಇರುತ್ತದೆ. ಅದರ ನಡುವೆ ಸೂಜಿಮೊನೆಯಷ್ಟು ತೂತು, ಪೆಟ್ರೋಲ್ ಹೋಗುವುದು ಆ ತೂತಿನಿಂದ. ಅದನ್ನು ತೆಗೆದು ಇನ್ನೂ ಸಣ್ಣ ತೂತಿನದನ್ನು ಹಾಕಿಬಿಟ್ಟರೆ ಗಾಡಿ ನಿಧಾನವಾಗಿ ಹೋಗುವಾಗ ಏನೂ ಗೊತ್ತಾಗುವುದಿಲ್ಲ. ಐವತ್ತು ದಾಟಿಸಲು ಹೋದರೆ ಇಂಜಿನ್ನಿಗೆ ಪೆಟ್ರೋಲ್ ಸಾಲದೆ ಮುಕ್ಕರಿಸುತ್ತದೆ, ತಡವರಿಸುತ್ತದೆ, ಕೈ ಸಡಿಲ ಬಿಟ್ಟರೆ ಮತ್ತೆ ಸರಿಹೋಗುತ್ತದೆ.

ಊರಿನ ಅಪ್ಪ ಅಮ್ಮಂದಿರು ಗುಟ್ಟಾಗಿ ಬಂದು, ಹುಡುಗ ಮಾತು ಕೇಳುತ್ತಿಲ್ಲ, ಏನಾದರೂ ಮಾಡಿ ಎಂದು ಕಿವಿಯಲ್ಲಿ ಹೇಳಿಹೋಗುತ್ತಿದ್ದರು. ಮುಂದಿನ ಸರ್ವಿಸಿಗೆ ಬಂದ ಗಾಡಿಗೆ ಕೊರಡು ಬೀಳುತ್ತಿತ್ತು. ರೈಸ್‌ಮಿಲ್ಲಿನವರ ಮಗನೊಬ್ಬ ತನ್ನ ಬೈಕು ಐವತ್ತರ ಮೇಲೆ ಯಾಕೆ ಎಳೆಯುವುದಿಲ್ಲ ಎಂದು ತಿಳಿಯದೆ ಮೈಸೂರಿಗೆಲ್ಲ ಅಲೆದು ಕೊನೆಗೆ ಇವರ ಹತ್ತಿರವೇ ಬಂದ. ಇವರು ಬಹಳ ಗಂಭೀರವಾಗಿ ಹಿಂದೆ ಕೂತು ಒಂದು ಸುತ್ತು ಹೋಗಿಬಂದು, ಬೈಕಿಗೆ ದೃಷ್ಟಿಯಾಗಿದೆ, ನಿಂಬೆಹಣ್ಣು ಕಟ್ಟು ಎಂದರು. ಆ ಹುಡುಗ ಕಟ್ಟಿಯೂ ಕಟ್ಟಿದ. ಈ ಕತೆಯನ್ನು ಹೇಳುವಾಗ ಅವರಿಗೆ ನಕ್ಕೂ ನಕ್ಕೂ ಕೆಮ್ಮು ಬರುತ್ತಿತ್ತು. ನಾನೂ ನಕ್ಕಿದ್ದೇನೆ. ಆಗ ಅದು ನಗುವ ವಿಷಯವೇ ಆಗಿತ್ತು.

ಅವರಿಗೆ ಒಬ್ಬಳೇ ಮಗಳು, ಸವಿತ. ಶೆಡ್ಡಿನಲ್ಲೇ ಆಡಿ ಬೆಳೆದವಳು. ಡಿಪ್ಲೊಮಾ ಮುಗಿಸಿ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಬಸ್ಸು ಸಮಯಕ್ಕೆ ಸಿಗದೆ ಪರದಾಡುತ್ತಿದ್ದಳೆಂದು ಅಪ್ಪ ಹಳೆಯ ಸ್ಕೂಟರೊಂದನ್ನು ಹುಡುಕಿ ತಂದು, ತಿಂಗಳುಗಟ್ಟಲೆ ಕೂತು ಹೊಸದರಂತೆ ಮಾಡಿಕೊಟ್ಟರು. ನಾನು ನಂಜನಗೂಡಿನಿಂದ ಬರುವವಳು, ಅವಳು ನಂಜನಗೂಡಿಗೆ ಹೋಗುವವಳು. ದಿನಾ ಬೆಳಿಗ್ಗೆ ದಾರಿಯಲ್ಲಿ ಎಲ್ಲಾದರೂ ಎದುರಾಗುತ್ತಿದ್ದೆವು. ಅವಳು ಎರಡು ಸಲ ಹಾರ್ನ್ ಹೊಡೆದು ನಗುತ್ತಿದ್ದಳು. ನಾನು ತಡವಾಗಿದ್ದರೆ ಎಲ್ಲೋ ನಮ್ಮೂರಿನ ಹತ್ತಿರವೇ ಸಿಕ್ಕಿಬಿಡುತ್ತಿದ್ದಳು. ಆಗ ಗಡಿಯಾರ ತೋರಿಸಿ ಬೆರಳು ಆಡಿಸುತ್ತಿದ್ದಳು. ನನಗೆ ಬಹಳ ಇಷ್ಟದ ಹುಡುಗಿ.

ಕಬ್ಬು ಕಡಿಯುವ ಕಾಲದ ಒಂದು ಬೆಳಿಗ್ಗೆ ಅವಳು ಎದುರಾಗಲಿಲ್ಲ. ರಜೆ ಇರಬೇಕು ಎಂದುಕೊಂಡೆ. ಶಾಲೆಗೆ ಬಂದ ಮೇಲೆ ಸುದ್ದಿ ತಿಳಿಯಿತು. ಅವಳು ಆ ದಿನ ತಡವಾಗಿ ಹೊರಟಿದ್ದಳು, ನಾನು ಅವರ ಊರನ್ನೂ ದಾಟಿ ಬಂದ ಮೇಲೆ ಅದು ಆಗಿತ್ತು. ಎರಡು ಟ್ರೈಲರ್ ಕಬ್ಬು ಹೇರಿಕೊಂಡು ಹೋಗುತ್ತಿದ್ದ ಟ್ರ್ಯಾಕ್ಟರನ್ನು ಅವಳು ಹಿಂದೆ ಹಾಕಲು ಹೋಗಿದ್ದಳು. ಎದುರಿನಿಂದ ಲಾರಿ ಬಂತು. ಆಸ್ಪತ್ರೆಗೆ ಕೊಂಡೊಯ್ಯುವ ಅಗತ್ಯವೇ ಬೀಳಲಿಲ್ಲ ಎಂದು ಹೇಳಿದರು.

ಊರಿನ ಬಾಯಿ ನಿಮಗೆ ಗೊತ್ತಲ್ಲ. ಹೆಣ ಇನ್ನೂ ಅಂಗಳದಲ್ಲಿರುವಾಗಲೇ ತೀರ್ಮಾನ ಆಗಿಹೋಗಿತ್ತು. ಹೆಣ್ಣುಮಗಳಿಗೆ ಏನು ಸ್ಪೀಡು, ಏನು ಅರ್ಜೆಂಟು, ಫ್ಯಾಕ್ಟರಿ ಓಡಿಹೋಗುತ್ತಿತ್ತೇ ಎಂದು ಎಲ್ಲರೂ ಮಾತನಾಡಿಕೊಂಡರು. ನನಗೆ ಸಿಟ್ಟು ಬಂದು ಇಬ್ಬರಿಗೆ ಬೈದೆ. ಆದರೆ ಅವಳ ತಾಯಿಯೇ ಹೆಣದ ಮುಂದೆ ಕೂತು, ಎದೆ ಬಡಿದುಕೊಂಡು, ಅದನ್ನೇ ಹಾಡುತ್ತಿದ್ದರು. ಮಾತು ಕೇಳಲಿಲ್ಲವಲ್ಲೇ, ನಿಧಾನಕ್ಕೆ ಹೋಗು ಅಂದರೆ ಕೇಳಲಿಲ್ಲವಲ್ಲೇ, ನಿನ್ನ ಸ್ಪೀಡಿಗೆ ನಮ್ಮ ಮನೆ ಹಾಳಾಯಿತಲ್ಲೇ ಎಂದು. ತಾಯಿಯೇ ಹಾಗೆನ್ನುವಾಗ ನಾನು ಯಾರನ್ನು ಬೈಯಲಿ? ಆಮೇಲೂ ಆಕೆ ಅದನ್ನು ಬಿಡಲಿಲ್ಲ. ಮಗಳ ಹೆಸರು ಹಿಡಿದು ಕರೆದದ್ದನ್ನು ನಾನು ಮತ್ತೆ ಕೇಳಲಿಲ್ಲ. ಮಾತು ಕೇಳದೋಳು, ಅಷ್ಟೆ.

ಪೊಲೀಸರು ನೋಡಿಯಾದ ಮೇಲೆ ಎಲ್ಲ ಮುರಿದ ಗಾಡಿಗಳಂತೆ ಆ ಸ್ಕೂಟರೂ ಅವರ ಶೆಡ್ಡಿಗೇ ಬಂತು. ಬಹಳ ದಿನ ಶೆಡ್ಡಿನ ಬಾಗಿಲು ಮುಚ್ಚಿತ್ತು. ಮತ್ತೆ ತೆಗೆದಾಗ ಅವರು ಬೇರೆಯೇ ಮನುಷ್ಯ. ಗಂಟಲು ಹೋಗಿತ್ತು. ಪಕ್ಕದ ಶೆಡ್ಡಿನವನೇ ಬಂದು ಮಾತನಾಡಿಸಿದರೂ ತಲೆ ಎತ್ತುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂರುವುದನ್ನು ಬಿಟ್ಟುಬಿಟ್ಟಿದ್ದರು. ಗಾಡಿಗೆ ಏನಾಗಿದೆ ಎಂದು ಎಲ್ಲ ಮೆಕ್ಯಾನಿಕ್ಕುಗಳಂತೆ ಕೇಳುತ್ತಿದ್ದರು.

ಅದೇ ವರ್ಷದ ಬೇಸಿಗೆಯಲ್ಲಿ ನನ್ನ ಸ್ಕೂಟರಿಗೆ ತಡವರಿಕೆ ಶುರುವಾಯಿತು. ಐವತ್ತರವರೆಗೆ ಚೆನ್ನಾಗಿ ಹೋಗುತ್ತದೆ, ಅದರ ಮೇಲೆ ಕೈ ತಿರುವಿದರೆ ಬಿಕ್ಕುತ್ತದೆ. ಶೆಡ್ಡಿನ ಮುಂದೆ ನಿಂತು ಇಷ್ಟು ಹೇಳಿದೆ. ಅವರು ಸುಮ್ಮನೆ ಕಾರ್ಬುರೇಟರಿಗೆ ಕೈಹಾಕಿದರು. ಅಲ್ಲಿ ಏನೂ ಸಿಗಲಿಲ್ಲ. ಪ್ಲಗ್ ನೋಡಿದರು, ಅದೂ ಸರಿಯಿತ್ತು. ನಿಂತಲ್ಲಿ ಎಷ್ಟು ರೇಸ್ ಮಾಡಿದರೂ ಗಾಡಿ ಬಿಕ್ಕಲಿಲ್ಲ. ಇದು ಓಡುವಾಗ ಮಾತ್ರ ಬರುವ ಕಾಯಿಲೆ, ಹಿಂದೆ ಕೂತು ನೋಡಬೇಕು ಎಂದು ನಾನು ಹಟ ಹಿಡಿದೆ. ಮನುಷ್ಯ ಮೊದಲಿನಂತಾಗಲಿ ಎಂಬ ಆಸೆಯೂ ನನಗಿತ್ತು. ಕೊನೆಗೆ ಕೈ ಒರೆಸಿಕೊಂಡು ಬಂದು ಕೂತರು.

ಸೋಸಲೆ ದಾರಿಯಲ್ಲಿ ರಸ್ತೆ ಬರಿದಾಗಿದ್ದ ಕಡೆ ನಾನು ಕೈ ತಿರುವಿದೆ. ಗಾಡಿ ಏರಿತು, ಏರಿತು, ಬಿಕ್ಕಿತು. ಮುಂದಕ್ಕೆ ನುಗ್ಗುತ್ತಿದ್ದ ಮೈಯನ್ನು ಯಾರೋ ಹಿಂದಿನಿಂದ ಹಿಡಿದು ಎಳೆದಂತಾಗಿ, ಇಬ್ಬರೂ ಒಮ್ಮೆ ಮುಗ್ಗರಿಸಿದೆವು. ಅವರ ಕೈ ನನ್ನ ಭುಜವನ್ನು ಕಚ್ಚಿ ಹಿಡಿಯಿತು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಮುಟ್ಟಿದವರಲ್ಲ. ನಿಲ್ಸಿ ಎಂದರು. ನಿಲ್ಲಿಸಿದೆ. ಇಳಿದವರು ರಸ್ತೆ ಪಕ್ಕದ ನಾಲೆಯ ಏರಿಯ ಮೇಲೆ ಕೂತರು.

"ಇದೇ ಕಣ್ ಮೇಡಂ" ಎಂದರು. "ನನ್ ಮಗೀಗೆ ಇಂಗೇ ಆಗಿರೋದು."

ನನಗೆ ಅರ್ಥವಾಗಲಿಲ್ಲ. ಆಮೇಲೆ ಒಂದೊಂದೇ ಹೇಳಿದರು. ಮಗಳಿಗೆ ಗಾಡಿ ಕೊಡುವ ಹಿಂದಿನ ದಿನ ಅವರೇ ಅದಕ್ಕೆ ಕೊರಡು ಕಟ್ಟಿದ್ದರು. ಊರಿನ ಮಕ್ಕಳಿಗೆಲ್ಲ ಕಟ್ಟಿದವನು ನನ್ನ ಮಗಳಿಗೆ ಕಟ್ಟದೇ ಬಿಡುತ್ತೇನೆಯೇ ಎಂದರು. ಅವಳು ಒಂದು ಸಲ, ಅಪ್ಪ, ಗಾಡಿ ಐವತ್ತರ ಮೇಲೆ ತಡೀತದೆ ಎಂದು ಹೇಳಿದ್ದಳಂತೆ. ಹಳೇ ಗಾಡಿ, ಅದರ ಜಾಯಮಾನವೇ ಹಾಗೆ ಎಂದು ಇವರು ಸುಳ್ಳು ಹೇಳಿದ್ದರು. ಆಕ್ಸಿಡೆಂಟ್ ಆದ ದಿನ ಟ್ರ್ಯಾಕ್ಟರಿನವನು ಅವರ ಮುಂದೆ ಅಳುತ್ತಾ ಒಂದು ಮಾತು ಹೇಳಿದ್ದ. ಹುಡುಗಿ ಚೆನ್ನಾಗೇ ಮುಂದಕ್ಕೆ ಹೋಗುತ್ತಿದ್ದಳು, ಲಾರಿ ಇನ್ನೂ ದೂರವಿತ್ತು, ಮೊದಲನೇ ಟ್ರೈಲರ್ ದಾಟುವಾಗ ಗಾಡಿ ಇದ್ದಕ್ಕಿದ್ದಂತೆ ಮಂಕಾಯಿತು ಎಂದು. ಆ ಮಾತಿನ ಅರ್ಥ ಊರಿನಲ್ಲಿ ಯಾರಿಗೂ ಆಗಲಿಲ್ಲ. ಇವರಿಗೆ ಒಬ್ಬರಿಗೆ ಆಯಿತು.

"ಎಲ್ರೂ ನನ್ ಮಗಳು ಸ್ಪೀಡಾಗ್ ಓಡ್ಸಿದ್ಲು ಅಂತಾರೆ. ಅವ್ಳ ತಾವು ಸ್ಪೀಡ್ ಎಲ್ಲಿತ್ತು ಮೇಡಂ? ನಾನು ಮಡಗಿದ್ರಲ್ವಾ ಇರೋದು?"

ನಾನೂ ಪಕ್ಕದಲ್ಲಿ ಕೂತು ಅತ್ತೆ. ಬೇಕೆಂದು ಮಾಡಿದ್ದಲ್ಲ, ಮಗಳು ಉಳಿಯಲಿ ಎಂದು ಮಾಡಿದ್ದು ಎಂಬುದನ್ನು ಅವರಿಗೆ ನಾನು ಹೇಳಿಕೊಡಬೇಕಿರಲಿಲ್ಲ. ಅವರನ್ನು ಕೊಲ್ಲುತ್ತಿದ್ದುದು ಅದೇ.

ಸ್ವಲ್ಪ ಹೊತ್ತಿನ ಮೇಲೆ ಎದ್ದರು. ಸೀಟು ಎತ್ತಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲಿಸಿದರು. ಉಸ್ಸೆಂದು ಗಾಳಿ ಒಳಗೆ ಹೋಯಿತು. ಮುಚ್ಚಳದಲ್ಲಿ ಗಾಳಿ ಆಡುವ ಸಣ್ಣ ಕಂಡಿ ಧೂಳು ಕಟ್ಟಿ ಮುಚ್ಚಿಹೋಗಿತ್ತು. ಗಾಳಿ ಹೋಗದೆ ಪೆಟ್ರೋಲ್ ಇಳಿಯುತ್ತಿರಲಿಲ್ಲ. ನನ್ನ ಸೀರೆಯ ಸೇಫ್ಟಿ ಪಿನ್ ಕೇಳಿ ಇಸಕೊಂಡು ಕಂಡಿ ಬಿಡಿಸಿದರು. ಈಗ ನೋಡಿ ಎಂದರು. ಗಾಡಿ ಅರವತ್ತಕ್ಕೂ ಬಿಕ್ಕಲಿಲ್ಲ. ಅವರು ಮಾತ್ರ ಹಿಂದೆ ಕೂತು ಬರಲಿಲ್ಲ, ನಡೆದುಕೊಂಡು ಬರುತ್ತೇನೆ ಎಂದರು.

ಆ ದಿನದಿಂದ ಅವರು ಕಟ್ಟಿದ್ದ ಕೊರಡುಗಳನ್ನೆಲ್ಲ ಬಿಚ್ಚತೊಡಗಿದರು. ಶೆಡ್ಡಿನ ಮುಂದೆ ನಿಂತು ತಾವು ಗುರುತಿಟ್ಟುಕೊಂಡಿದ್ದ ಗಾಡಿಗಳನ್ನು ಕೈ ಅಡ್ಡ ಹಾಕಿ ನಿಲ್ಲಿಸಿ, ಒಂದು ನಿಮಿಷ ಕಣಪ್ಪ ಎಂದು ಜೆಟ್ ಬದಲಾಯಿಸಿ ಕಳಿಸುತ್ತಿದ್ದರು. ಸಿಗದವರ ಮನೆಗೆ ಸೈಕಲ್ ತುಳಿದುಕೊಂಡು ಹೋದರು. ಒಬ್ಬಿಬ್ಬರು ಅಪ್ಪಂದಿರು ಬಂದು ಜಗಳ ತೆಗೆದರು, ನಾವು ಹೇಳಿ ಮಾಡಿಸಿದ್ದನ್ನು ನೀನ್ಯಾಕೆ ತೆಗೆದೆ ಎಂದು. ಮೊದಲಿನವರಾಗಿದ್ದರೆ ಅವರ ಜನ್ಮ ಜಾಲಾಡಿಬಿಡುತ್ತಿದ್ದರು. ಈಗ ಕೈಮುಗಿದು ಒಳಗೆ ಹೋದರು.

ಹೆಂಡತಿಗೆ ಹೇಳುವುದು ಮಾತ್ರ ಅವರಿಂದ ಆಗಲಿಲ್ಲ. ಹೇಳಬೇಕೆಂದು ಅವರಿಗೆ ಬಹಳ ಇತ್ತು. ತನ್ನನ್ನು ಏನಾದರೂ ಅನ್ನಲಿ, ಮಗಳು ಕೆಟ್ಟವಳು ಅನ್ನಿಸಿಕೊಳ್ಳಬಾರದು ಎಂಬುದೊಂದೇ ಅವರ ಹಂಬಲ. ಮಾರ್ಲಾಮಿಗೆ ಸತ್ತವರಿಗೆ ಎಡೆ ಇಡುವ ದಿನ, ಮಗಳಿಗೆ ಇಷ್ಟವಾದ ಅಡುಗೆ ಮಾಡು, ಅವಳಿಗೂ ಒಂದು ಎಲೆ ಇಡೋಣ ಎಂದು ಮಾತು ತೆಗೆದರಂತೆ. ಮಾತು ಕೇಳದೋಳಿಗೆ ಎಡೆ ಏನು ಎಂದು ಆಕೆ ಎದ್ದು ಒಲೆಯ ಮುಂದೆ ಹೋದರಂತೆ. ಯಾವಾಗ ಬಾಯಿ ತೆರೆದರೂ ಹೀಗೇ ಆಗುತ್ತಿತ್ತು. ಇವರು ‘ಆ ಗಾಡಿ’ ಎಂದರೆ ಸಾಕು, ಆಕೆ ಮಗಳನ್ನು ಹಿಡಿದು ಬೈಯಲು ಶುರು.

"ಆ ಬೈಗಳೆಲ್ಲ ನಂಗ್ ಸೇರ್ಬೇಕಾದ್ದು ಮೇಡಂ, ಸತ್ತೋಗಿರೋ ಮಗಿ ತಿಂತಾ ಅದೆ. ನಾನ್ ಸತ್ ಮ್ಯಾಕಾದ್ರೂ ನೀವ್ ಯೋಳ್ಬುಡಿ."

ಇಂಥ ಮಾತಿಗೆ ಹೂಂ ಅನ್ನುವುದು ಸುಲಭ. ಹೂಂ ಅಂದೆ. ಅದು ನನ್ನ ತಲೆಯ ಮೇಲೆಯೇ ಬರುತ್ತದೆಂದು ಆಗ ಅನ್ನಿಸಿರಲಿಲ್ಲ. ಆಮೇಲೆ ಅವರು ಬಹಳ ವರ್ಷ ಉಳಿಯಲಿಲ್ಲ. ಊಟ ಬಿಟ್ಟರು, ಮೈ ಇಳಿಯಿತು, ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಯಾರದೋ ಗಾಡಿಯ ಪಕ್ಕದಲ್ಲಿ ಕೂತವರು ಹಾಗೇ ಒರಗಿಬಿಟ್ಟರು. ಹೃದಯ ನಿಂತಿತು ಎಂದರು ಡಾಕ್ಟರು.

ತಿಥಿಯ ದಿನ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ, ಒಂದೂ ಸರಿಯಾಗಲಿಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸಿಗೆ, ನಿನ್ನ ಮಗಳ ಸಾವಿಗೆ ನಿನ್ನ ಗಂಡ ಕಾರಣ ಎಂದು ಹೇಗೆ ಹೇಳುವುದು? ಹೇಳದಿದ್ದರೆ ಆ ಹುಡುಗಿ ತಾಯಿ ಬದುಕಿರುವವರೆಗೂ ಆಕೆಯ ಬಾಯಲ್ಲಿ ಮಾತು ಕೇಳದವಳಾಗಿಯೇ ಇರುತ್ತಾಳೆ. ಅಂಗಳದಲ್ಲಿ ಶಾಮಿಯಾನ ಹಾಕಿದ್ದರು, ನೆಂಟರು ಊಟಕ್ಕೆ ಕೂತಿದ್ದರು. ಆಕೆ ಹಿತ್ತಿಲಿನ ಕಲ್ಲಿನ ಮೇಲೆ ಒಬ್ಬರೇ ಇದ್ದರು. ಹತ್ತಿರ ಕೂತು, ಕೈ ಹಿಡಿದುಕೊಂಡು, ನಾಲೆ ಏರಿಯ ಮೇಲೆ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ.

ಆಕೆ ಕೈ ಬಿಡಿಸಿಕೊಳ್ಳಲಿಲ್ಲ. ಅಳಲೂ ಇಲ್ಲ.

"ನಂಗೊತ್ತಿತ್ತು ಕಣವ್ವ" ಎಂದರು.

ನಾನು ಅವರ ಮುಖವನ್ನೇ ನೋಡಿದೆ.

"ಅವ್ಳೇ ಯೋಳಿದ್ಲು. ಒಂದಿನ ತಾನೇ ಗಾಡಿ ಬಿಚ್ಚಿ ನೋಡವ್ಳೆ. ಅಪ್ಪ ಕೊರಡ್ ಕಟ್ಟವ್ರೆ ಕಣವ್ವ, ತೆಗೀಬೋದು, ಇರ್ಲಿ ಬುಡು, ನಾನ್ ಬರೋಗಂಟ ಅನ್ನ ಮುಟ್ಟಕ್ಕಿಲ್ಲ ಆವಯ್ಯ, ಅದ್ರಿಂದಾದ್ರೂ ವಸಿ ಧೈರ್ಯ ಬರ್ಲಿ ಅಂದ್ಲು."

ಗೊತ್ತಿದ್ದೂ ಇಷ್ಟು ವರ್ಷ ಅವಳನ್ನೇ ಬೈದಿರಲ್ಲ ಎಂದು ನಾನು ಕೇಳಿದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಬಂದಿರಬೇಕು.

"ಇನ್ಯಾರ್ನ ಬೈಲಿ? ಆವಯ್ಯ ಬಾಯ್ಬುಟ್ಟು ಅಂದಿದ್ರೆ ನಾನು ಊಂ ಅನ್ಬೇಕಿತ್ತಲ್ಲವ್ವ. ನಾನು ಊಂ ಅಂದಿದ್ರೆ ಅವತ್ತೇ ಒಳೆಗೆ ಬಿದ್ಬುಡೋರು. ಅದ್ಕೇ ಬಾಯ್ ತೆಗ್ಯಾಕೆ ಬುಡ್ಲಿಲ್ಲ. ಅವ್ಳು ನನ್ ಮಗಳು, ಬೈದ್ರೆ ತಡ್ಕತಾಳೆ ಅಂತ ಅವ್ಳ್ ಮ್ಯಾಲೇ ಆಕ್ದೆ."

ಅಂಗಳದಲ್ಲಿ ಯಾರೋ ಪಾಯಸಕ್ಕೆ ಕೂಗುತ್ತಿದ್ದರು.

"ಇನ್ ಬೈಯಂಗಿಲ್ಲ" ಎಂದರು ಆಕೆ.

ಆಮೇಲೆ ಸವಿತಾ ಎಂದರು. ಒಂದು ಸಲ ಮೆಲ್ಲಗೆ ಅಂದವರು ಇನ್ನೊಂದು ಸಲ ಜೋರಾಗಿ ಕೂಗಿ, ಮಗಳ ಹೆಸರು ಹಿಡಿದು ಅಳತೊಡಗಿದರು. ಊಟಕ್ಕೆ ಕೂತಿದ್ದ ನೆಂಟರು ಎದ್ದು ಬಂದು, ಹೋದವರು ಪುಣ್ಯವಂತರು, ಮುತ್ತೈದೆಯಾಗಿ ಇಷ್ಟು ದಿನ ಬಾಳಿದೆ, ಗಂಡನಿಗಾಗಿ ಇಷ್ಟು ಅಳಬೇಡ ಎಂದು ಸಮಾಧಾನ ಮಾಡಿದರು.